ಎರವಲಿನ ಪೌರುಷ: ಆಫ್ರಿಕಾದ ಚಲಚ್ಚಿತ್ರಗಳಲ್ಲಿ ಕಾಮ, ಲಿಂಗಭೇದ, ಅಧಿಕಾರ



ಆಫ್ರಿಕಾದ ಚಲಚ್ಚಿತ್ರವೆಂದು ಒಂದೇ ಉಸಿರಿನಲ್ಲಿ ಹೇಳುವಾಗ, ಐವತ್ತಕ್ಕೂ ಮಿಗಿಲಾದ ದೇಶಗಳನ್ನೂ ಲೆಕ್ಕಕ್ಕೆ ಸಿಗದಷ್ಟು ಭಾಷೆಗಳನ್ನೂ ಒಂದೇ ಹೆಸರಿನ ಅಡಿಯಲ್ಲಿ ಕೂಡಿಹಾಕುವ ಅಪಚಾರವನ್ನು ನಾವು ಮಾಡುತ್ತಿರುತ್ತೇವೆ. ಆ ಅಪಚಾರವನ್ನು ಆದಷ್ಟು ಕಿರಿದುಗೊಳಿಸುವ ಸಲುವಾಗಿ ನಾನು ಇಂದಿನ ಮಾತನ್ನು ಬಹುಮಟ್ಟಿಗೆ ಪಶ್ಚಿಮ ಕರಾವಳಿಯ ಸೆನೆಗಲ್ ದೇಶಕ್ಕೂ, ಅಲ್ಲಿ ಹುಟ್ಟಿದ ಉಸ್ಮಾನ್ ಸೆಂಬೆನ್ ಎಂಬ ನಿರ್ದೇಶಕನ ಮೂರು ನಾಲ್ಕು ಚಿತ್ರಗಳಿಗೂ ಸೀಮಿತಗೊಳಿಸಿಕೊಂಡು, ಆತನ ಕ್ಯಾಮೆರಾ ಪ್ರವೇಶಿಸದೆ ಬಿಟ್ಟ ಒಂದು ಎಡೆಯನ್ನು ಪ್ರವೇಶಿಸಿದ ಇತರ ಕೆಲವರ ಪ್ರಸ್ತಾಪವನ್ನು ಕಡೆಯಲ್ಲಿ ಮಾಡತಕ್ಕವನಾಗಿದ್ದೇನೆ. ನಾನು ಹೇಳಬೇಕೆಂದಿರುವುದು ಇಷ್ಟೆ. ಸೆಂಬೆನ್ನನ ಚಿತ್ರಗಳಲ್ಲಿ ಗಂಡಸಿನ ಅಧಿಕಾರವೆಂಬುದು ಆತನ ಸ್ವಯಾರ್ಜಿತವಲ್ಲ, ಪಿತ್ರಾರ್ಜಿತವೂ ಅಲ್ಲ. ಪರದೇಶದ ಒಡೆಯರಿಂದಲೋ, ಹಣದ ಪೆಟ್ಟಿಗೆಯಿಂದಲೋ, ಮತಾಚಾರದ ಹೆಸರಿನಿಂದಲೋ ಎರವಲು ತಂದದ್ದು. ಮತ್ತು ಈ ಎರವಲಿನ ಗುಟ್ಟು ಬಯಲಾಗುವುದು ರಾಜ್ಯಸಭೆಯಲ್ಲಲ್ಲ, ಶಯ್ಯಾಗೃಹದಲ್ಲಿ.

ಇದಕ್ಕೆ ಹಿನ್ನೆಲೆಯಾಗಿ ಒಂದು ಕಾನೂನನ್ನು ನೆನೆಯಬೇಕು. 1934ರಲ್ಲಿ ಫ್ರಾನ್ಸಿನ ವಸಾಹತು ಮಂತ್ರಿಯಾಗಿದ್ದ ಪಿಯೆರ್ ಲವಾಲನ ಹೆಸರಿನಲ್ಲಿ ಹೊರಟ ಶಾಸನವೊಂದು, ಫ್ರೆಂಚ್ ಆಫ್ರಿಕಾದ ನೆಲದಲ್ಲಿ ಚಿತ್ರ ತೆಗೆಯುವವರೆಲ್ಲರೂ ಸರಕಾರದ ಪೂರ್ವಾನುಮತಿಯನ್ನು ಪಡೆಯತಕ್ಕದ್ದೆಂದು ವಿಧಿಸಿತು. ಇದರ ಫಲವಾಗಿ ಆ ನೆಲದ ಮಕ್ಕಳ ಕೈಗೆ ಕ್ಯಾಮೆರಾ ಎಟಕದೆ ಹೋಯಿತು. 1955ರಲ್ಲಿ ಆಫ್ರಿಕಾದವನೇ ಆದ ಪೌಲಿನ್ ವಿಯೆರಾ ಎಂಬಾತ ಮತ್ತು ಆತನ ಸಂಗಡಿಗರು ಒಂದು ಕಿರುಚಿತ್ರವನ್ನು ಮಾಡಹೊರಟಾಗ ಸ್ವದೇಶದಲ್ಲಿ ಅವಕಾಶವಿಲ್ಲದೆ ಪ್ಯಾರಿಸ್ ನಗರದ ಬೀದಿಗಳಲ್ಲಿ ಅದನ್ನು ತೆಗೆಯಬೇಕಾಯಿತು. ಅತ್ತ ಯೂರೋಪಿಯನ್ನರು ತೆಗೆದ ಚಿತ್ರಗಳಲ್ಲಿ ಆಫ್ರಿಕಾದ ದೇಹಕ್ಕೇನೂ ಕೊರತೆಯಿರಲಿಲ್ಲ. ಹೆಣ್ಣಿನ ಎದೆ ಅವರಿಗೆ ಹಳ್ಳಕೊಳ್ಳಗಳಂತೆಯೇ ಪ್ರಕೃತಿದೃಶ್ಯದ ಒಂದು ಭಾಗವಾಗಿತ್ತು. ಗಂಡಿನ ತೋಳು ಒಮ್ಮೆ ಕೂಲಿಯ ಬಲವಾಗಿಯೂ ಇನ್ನೊಮ್ಮೆ ಕಾಡಿನ ಭಯವಾಗಿಯೂ ಬಂದುಹೋಗುತ್ತಿತ್ತು. ದೇಹಗಳಿದ್ದುವು, ಆ ದೇಹಗಳಿಗೆ ಇಚ್ಛೆಯೆಂಬುದೊಂದು ಇರಬಹುದೆಂಬ ಅನುಮಾನ ಮಾತ್ರ ಯಾರಿಗೂ ಬಂದಂತೆ ತೋರುವುದಿಲ್ಲ.

ಸೆಂಬೆನ್ ಹುಟ್ಟಿದ್ದು 1923ರಲ್ಲಿ, ಸೆನೆಗಲ್ಲಿನ ದಕ್ಷಿಣ ಭಾಗದ ಜಿಗಿಂಶೋರ್ ಎಂಬ ಊರಿನಲ್ಲಿ, ಬೆಸ್ತರ ಮನೆಯಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯಕ್ಕಾಗಿ ದುಡಿದು, ಬಳಿಕ ಮಾರ್ಸೇಲ್ಸ್ ಬಂದರಿನಲ್ಲಿ ಹಡಗಿನ ಮೂಟೆ ಹೊತ್ತು, ಅಲ್ಲಿಯ ಕಾರ್ಮಿಕ ಸಂಘದಲ್ಲಿ ಬೆಳೆದು ಕಾದಂಬರಿಕಾರನಾದ ಈತ, ತಾನು ಯಾರ ಬಾಳನ್ನು ಬರೆಯುತ್ತಿದ್ದನೋ ಅವರಲ್ಲಿ ಬಹುಮಂದಿಗೆ ಫ್ರೆಂಚ್ ಪುಸ್ತಕವನ್ನು ಓದುವ ಶಕ್ತಿಯಿಲ್ಲವೆಂಬುದನ್ನು ಮನಗಂಡು, ಸುಮಾರು ನಲವತ್ತರ ವಯಸ್ಸಿನಲ್ಲಿ ಮಾಸ್ಕೋ ನಗರಕ್ಕೆ ಹೋಗಿ ಚಲಚ್ಚಿತ್ರಕಲೆಯ ಈ ಹೊಸ ವಿದ್ಯೆಯನ್ನು ಓರ್ವ ವಿದ್ಯಾರ್ಥಿಯ ವಿನಯದಿಂದ ಕಲಿತು ಬಂದನು. 1963ರಲ್ಲಿ ಡಾಕರ್ ನಗರದ ಗಾಡಿ ಹೊಡೆಯುವವನೊಬ್ಬನನ್ನು ಕುರಿತ ಕಿರುಚಿತ್ರ ಬಂದಿತು. 1966ರಲ್ಲಿ, ಫ್ರೆಂಚ್ ದಂಪತಿಗಳ ಮನೆಯಲ್ಲಿ ದುಡಿಯುವ ದಿಯುವಾನಾ ಎಂಬ ಹುಡುಗಿಯ ಕಥೆ.

ಈ ಎರಡನೆಯ ಚಿತ್ರ ಒಂದು ಗಂಟೆಯಷ್ಟೇ ದೀರ್ಘವಾದುದು. ಡಾಕರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವಳನ್ನು ದಂಪತಿಗಳು ಫ್ರಾನ್ಸಿನ ಆಂತೀಬ್ ಎಂಬ ಕಡಲತೀರದ ಊರಿಗೆ ಕರೆಸಿಕೊಳ್ಳುತ್ತಾರೆ. ಅಲ್ಲಿ ಅವಳು ಅಡುಗೆಯವಳೂ ಕಸಗುಡಿಸುವವಳೂ ಒಟ್ಟಿನಲ್ಲಿ ಸೆರೆಯಾಳೂ ಆಗುತ್ತಾಳೆ. ಯಜಮಾನಿಯೇ ಕೊಟ್ಟ ಹಳೆಯ ಒಳ್ಳೆಯ ಉಡುಪನ್ನು ತೊಟ್ಟು, ಎತ್ತರದ ಹಿಮ್ಮಡಿಯ ಪಾದರಕ್ಷೆಗಳನ್ನು ಮೆಟ್ಟಿಕೊಂಡು ಆಕೆ ನೆಲ ಒರೆಸುತ್ತಾಳೆ. ಯಜಮಾನಿ ಆ ಉಡುಪಿನ ಮೇಲೆ ಒಂದು ಏಪ್ರನ್ನನ್ನು ಕಟ್ಟಿಸುತ್ತಾಳೆ, ಪಾದರಕ್ಷೆಗಳನ್ನು ಬಿಚ್ಚಿಸುತ್ತಾಳೆ. ಒಂದು ಮಧ್ಯಾಹ್ನ ಊಟಕ್ಕೆ ಬಂದ ಅತಿಥಿಗಳಲ್ಲಿ ಒಬ್ಬ ಎದ್ದುನಿಂತು, ಕರಿಯ ಹುಡುಗಿಯೊಬ್ಬಳನ್ನು ತಾನಿನ್ನೂ ಮುದ್ದಿಟ್ಟಿಲ್ಲವೆಂದು ಸಾರಿ, ಅವಳ ಒಪ್ಪಿಗೆಯನ್ನು ಕೇಳುವ ಶ್ರಮವನ್ನೂ ತೆಗೆದುಕೊಳ್ಳದೆ ಅವಳ ಕೆನ್ನೆಗಳಿಗೆ ಮುತ್ತು ಕೊಟ್ಟು, ಏನೂ ನಡೆಯದವನಂತೆ ಮತ್ತೆ ತಟ್ಟೆಯ ಮುಂದೆ ಕೂಡುತ್ತಾನೆ. ಸೆಂಬೆನ್ ಇಲ್ಲಿ ಅತ್ಯಾಚಾರದ ಭೀಕರ ದೃಶ್ಯವನ್ನೊಂದು ಕಟ್ಟಬಹುದಾಗಿತ್ತು, ಕಟ್ಟಲಿಲ್ಲ. ಆ ಮುತ್ತಿನಲ್ಲಿ ಕಾಮವೂ ಇಲ್ಲ, ಕ್ರೌರ್ಯದ ಉದ್ದೇಶವೂ ಇಲ್ಲ. ಇರುವುದು ಊಟದ ನಡುವಣ ಒಂದು ಹಗುರವಾದ ಕುತೂಹಲ. ಹಾಗಿರುವುದರಿಂದಲೇ ಅದು ನೋಡುವವನನ್ನು ಹೆಚ್ಚು ಕಾಲ ಕಾಡುತ್ತದೆ. ಒಂದು ಹೆಣ್ಣಿನ ದೇಹ ಸಕಲರಿಗೂ ಮುಕ್ತವೆಂಬ ತಿಳಿವಳಿಕೆ ಆ ಮೇಜಿನ ಸುತ್ತ ಕುಳಿತವರಲ್ಲಿ ಎಷ್ಟು ಸಹಜವಾಗಿ ನೆಲೆಗೊಂಡಿತ್ತೆಂದರೆ, ಅದನ್ನು ಅಧಿಕಾರವೆಂದು ಕರೆಯುವ ಅಗತ್ಯವೂ ಅವರಿಗೆ ತೋರಿರಲಿಲ್ಲ. ದಿಯುವಾನಾ ಕಡೆಗೆ ಸಂಬಳದ ಹಣವನ್ನೂ ಏಪ್ರನ್ನನ್ನೂ ತಿರಸ್ಕರಿಸಿ, ತಾನು ಉಡುಗೊರೆಯಾಗಿ ಕೊಟ್ಟಿದ್ದ ಮರದ ಮುಖವಾಡವನ್ನು ಮರಳಿ ತೆಗೆದುಕೊಂಡು, ಆ ಮನೆಯ ಸ್ನಾನದ ತೊಟ್ಟಿಯಲ್ಲಿ ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳುತ್ತಾಳೆ. ವೃತ್ತಪತ್ರಿಕೆಯಲ್ಲಿ ಬಂದ ಒಂದು ನಿಜವಾದ ಸುದ್ದಿಯೇ ಈ ಕಥೆಗೆ ಮೂಲ.

ಇನ್ನು 1975ರ ‘ಖಾಲಾ’ ಎಂಬ ಚಿತ್ರಕ್ಕೆ ಬರೋಣ. ನನ್ನ ಮಾತಿನ ತಿರುಳೆಲ್ಲ ಇರುವುದು ಇದರಲ್ಲಿ. ಸ್ವಾತಂತ್ರ್ಯ ಬಂದಿದೆ. ವಾಣಿಜ್ಯ ಮಂಡಲಿಯ ಕಟ್ಟಡದಿಂದ ಫ್ರೆಂಚರನ್ನು ಹೊರಕ್ಕೆ ಅಟ್ಟಿ, ಅವರ ಪ್ರತಿಮೆಗಳನ್ನು ಮೆಟ್ಟಿಲ ಮೇಲೆ ತಂದಿಟ್ಟು, ಸ್ಥಳೀಯ ವರ್ತಕರು ಪೀಠಗಳನ್ನು ಆಕ್ರಮಿಸಿಕೊಳ್ಳುತ್ತಾರೆ. ಮರುಕ್ಷಣವೇ ಅದೇ ಫ್ರೆಂಚರು ಹಿಂಬಾಗಿಲ ವಿನಯದೊಡನೆ ಮರಳಿ ಬಂದು ಪ್ರತಿಯೊಬ್ಬ ಸದಸ್ಯನ ಮುಂದೆ ಒಂದೊಂದು ಕೈಪೆಟ್ಟಿಗೆಯನ್ನು ಇರಿಸುತ್ತಾರೆ. ಮುಚ್ಚಳ ತೆರೆದರೆ ಒಳಗೆ ನೋಟಿನ ಕಂತೆಗಳು. ಆ ಪೆಟ್ಟಿಗೆ ಮುಚ್ಚಿದ ಸದ್ದು ಆರುವುದರೊಳಗಾಗಿ, ಎಲ್ ಹಾಜಿ ಅಬ್ದು ಕಾದರ್ ಬೇಯ್ ಎಂಬ ವರ್ತಕ ತನ್ನ ಮೂರನೆಯ ವಿವಾಹಕ್ಕೆ ಮಿತ್ರರೆಲ್ಲರೂ ಆಗಮಿಸಬೇಕೆಂದು ಆಹ್ವಾನವೀಯುತ್ತಾನೆ. ಲಂಚಕ್ಕೂ ಲಗ್ನಕ್ಕೂ ನಡುವೆ ನಿರ್ದೇಶಕ ಒಂದು ದೃಶ್ಯದ ಅಂತರವನ್ನೂ ಉಳಿಸಿಲ್ಲ. ಮಗಳ ವಯಸ್ಸಿನ ವಧು, ಕಾರಿನ ಉಡುಗೊರೆ, ಹಲವು ಅಂತಸ್ತಿನ ಕೇಕು. ಇವೆಲ್ಲದರ ವೆಚ್ಚಕ್ಕಾಗಿ ಬಡವರ ಪಾಲಿನ ಅಕ್ಕಿಯ ದಾಸ್ತಾನು ಕಳ್ಳದಾರಿಯಲ್ಲಿ ಮಾರಾಟವಾಗಿರುತ್ತದೆ.

ವಿವಾಹದ ರಾತ್ರಿ ನಡೆಯುವ ಒಂದು ಚಿಕ್ಕ ಪ್ರಸಂಗವನ್ನು ಸ್ವಲ್ಪ ನಿಂತು ನೋಡತಕ್ಕದ್ದು. ವಧುವಿನ ಸೋದರತ್ತೆ, ಮದುವೆಯ ಸಕಲ ವ್ಯವಹಾರವನ್ನೂ ಕೈಯಲ್ಲಿ ಹಿಡಿದಿರುವ ಬಲು ಗಟ್ಟಿ ಹೆಂಗಸು, ವರನನ್ನು ಶಯ್ಯಾಗೃಹದ ಬಾಗಿಲಲ್ಲಿ ತಡೆದು, ಒಂದು ಒರಳನ್ನು ತೋರಿಸಿ, ಅದರ ಮೇಲೆ ಕುಳಿತು ಒನಕೆಯನ್ನು ಕಾಲುಗಳ ನಡುವೆ ಇರಿಸಿಕೊಳ್ಳಬೇಕೆಂದು ಹೇಳುತ್ತಾಳೆ. ದೃಷ್ಟಿದೋಷ ತಾಗದಿರಲೆಂದು ಹಿಂದಿನಿಂದ ನಡೆದುಬಂದ ಕ್ರಮವದು. ಮದುವೆಯ ಮನೆಯಲ್ಲಿ ಒರಳು ಒನಕೆಗಳಿಗೆ ಪೂಜೆ ಸಲ್ಲಿಸುವ ನಮ್ಮ ಕಡೆಯ ಪ್ರೇಕ್ಷಕರಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಕರಿಯ ಸೂಟು ಧರಿಸಿದ ಎಲ್ ಹಾಜಿಗೆ ಇದು ಮೂಢಾಚಾರವಾಗಿ ಕಾಣುತ್ತದೆ. ತಾನು ಆಧುನಿಕನೆಂದು ಮುಖ ಗಂಟಿಕ್ಕಿ ಒಳಗೆ ನಡೆಯುತ್ತಾನೆ. ಬೆಳಗಾಗುವ ಹೊತ್ತಿಗೆ ಆತ ಹಾಸಿಗೆಯ ಅಂಚಿನಲ್ಲಿ ಕುಗ್ಗಿ ಕುಳಿತಿರುತ್ತಾನೆ; ಹಾಸುಬಟ್ಟೆಯನ್ನು ನೋಡಲೆಂದು ಕೋಳಿಯೊಂದನ್ನು ಹಿಡಿದು ಬಂದ ಹೆಂಗಸರಿಗೆ ನೋಡಲು ಏನೂ ಇರುವುದಿಲ್ಲ. ಯಾರೋ ಮಾಡಿದ ಮಾಟದಿಂದ ಪುರುಷತ್ವ ತಾತ್ಕಾಲಿಕವಾಗಿ ಕುಂದುವ ಈ ಸ್ಥಿತಿಗೇ ವೊಲೊಫ್ ಭಾಷೆಯಲ್ಲಿ ಖಾಲಾ ಎಂದು ಹೆಸರು.

ಆಗ ಮೂಢಾಚಾರವನ್ನು ಹಳಿದವನ ಆಧುನಿಕತೆ ಎಷ್ಟು ತೆಳುವಾದುದೆಂದು ತಿಳಿಯುತ್ತದೆ. ಮಾಂತ್ರಿಕರಿಂದ ಮಾಂತ್ರಿಕರಿಗೆ ಅಲೆದು, ತಾಯಿತವನ್ನು ಹಲ್ಲುಗಳಲ್ಲಿ ಕಚ್ಚಿ ಹಿಡಿದು, ನಾಲ್ಕು ಕಾಲಿನ ಪ್ರಾಣಿಯಂತೆ ನೆಲದ ಮೇಲೆ ತೆವಳುತ್ತ ಆತ ನವವಧುವಿನ ಮಂಚದತ್ತ ಸಾಗುವ ದೃಶ್ಯದಲ್ಲಿ ಪ್ರೇಕ್ಷಾಗೃಹ ನಗುತ್ತದೆ, ನಗಬೇಕೆಂಬುದೇ ನಿರ್ದೇಶಕನ ಅಪೇಕ್ಷೆ. ಕಡೆಗೆ ಹಳ್ಳಿಯ ಧರ್ಮಗುರುವೊಬ್ಬ ಶಕ್ತಿಯನ್ನು ಮರಳಿಸಿಕೊಟ್ಟಾಗ ಎಲ್ ಹಾಜಿ ಆತನಿಗೆ ಚೆಕ್ ಬರೆದುಕೊಡುತ್ತಾನೆ. ಬ್ಯಾಂಕಿನಲ್ಲಿ ಹಣವಿಲ್ಲದೆ ಚೆಕ್ ಹಿಂದಿರುಗುತ್ತದೆ. ಗುರು ತಾನು ತೆಗೆದ ಶಾಪವನ್ನು ತಾನೇ ಮತ್ತೆ ಹೊರಿಸುತ್ತಾನೆ. ಪೌರುಷವೂ ಸಾಲದ ವ್ಯವಹಾರವೇ ಎಂಬ ಈ ಕಟುವಾದ ವಿನೋದಕ್ಕಿಂತ ಸ್ಪಷ್ಟವಾಗಿ ಯಾವ ಅರ್ಥಶಾಸ್ತ್ರದ ಗ್ರಂಥವೂ ಹೊಸ ಧನಿಕವರ್ಗದ ಸ್ಥಿತಿಯನ್ನು ವರ್ಣಿಸಿರಲಾರದು. ತನ್ನ ಬ್ಯಾಂಕಿನ ಲೆಕ್ಕವೂ ತನ್ನ ದೇಹವೂ ಏಕಕಾಲದಲ್ಲಿ ದಿವಾಳಿಯಾದವನನ್ನು ಮಂಡಲಿ ಹೊರಹಾಕುತ್ತದೆ. ಆ ಘಳಿಗೆಯಲ್ಲಿ ವೊಲೊಫ್ ಭಾಷೆಯಲ್ಲಿ ಮಾತನಾಡಬಯಸಿದರೆ ಅದಕ್ಕೂ ಅವಕಾಶವಿಲ್ಲ, ಅವಮಾನವನ್ನೂ ಫ್ರೆಂಚಿನಲ್ಲಿಯೇ ಅನುಭವಿಸತಕ್ಕದ್ದು. ತೆರವಾದ ಪೀಠದಲ್ಲಿ ಬಂದು ಕೂಡುವವನು, ಬಡ ರೈತನೊಬ್ಬನ ಹಣವನ್ನು ಬೀದಿಯಲ್ಲಿ ಕದ್ದಿದ್ದ ಒಬ್ಬ ಜೇಬುಗಳ್ಳ.

ಶಾಪವಿತ್ತವರಾರೆಂಬ ಪ್ರಶ್ನೆ ಹೆಂಡತಿಯರ ಮೇಲಣ ಸಂಶಯವಾಗಿ ಚಿತ್ರದುದ್ದಕ್ಕೂ ಸುಳಿಯುತ್ತದೆ, ಮೊದಲನೆಯವಳೋ, ಎರಡನೆಯವಳೋ? ಅಂತಃಪುರದ ಮತ್ಸರವೇ ಕಾರಣವೆಂದು ನಂಬುವುದು ಗಂಡಸಿಗೆ ಹಿತಕರವಾದ ವಿವರಣೆ. ಆದರೆ ಶಾಪವಿತ್ತವನು ಎಲ್ ಹಾಜಿಯ ಅಂಗಡಿಯ ಮುಂದೆ ದಿನಂಪ್ರತಿ ಕುಳಿತು ಹಾಡುತ್ತಿದ್ದ, ಎಲ್ ಹಾಜಿಯೇ ಪೋಲೀಸರನ್ನು ಕರೆಸಿ ಊರಾಚೆಗೆ ಸಾಗಿಸಿದ್ದ, ಕಣ್ಣಿಲ್ಲದ ಭಿಕ್ಷುಕ. ಹಿಂದೊಮ್ಮೆ ಅವನ ಕುಲದವರ ಭೂಮಿಯನ್ನು ಖೋಟಾ ಕಾಗದಗಳ ಮೂಲಕ ಕಬಳಿಸಿದವನು ಇದೇ ಎಲ್ ಹಾಜಿ. ಭಿಕ್ಷುಕರೂ ಅಂಗವಿಕಲರೂ ಮೊದಲ ಹೆಂಡತಿಯ ಮನೆಯನ್ನು ಹೊಕ್ಕು, ಶಕ್ತಿ ಮರಳಬೇಕಾದರೆ ಬತ್ತಲೆಯಾಗಿ ನಿಂತು ತಮ್ಮ ಉಗುಳನ್ನು ಮೈಮೇಲೆ ಧರಿಸಬೇಕೆಂದು ವಿಧಿಸಿ, ಮೂರನೆಯ ವಧುವಿನ ಮದುವೆಯ ಕಿರೀಟವನ್ನು ಅವನ ತಲೆಗೇರಿಸುತ್ತಾರೆ. ಕಾಮದ ವೈಫಲ್ಯದ ಕಥೆ ಭೂಮಿಯ ಅಪಹರಣದ ಕಥೆಯಾಗಿ ತಿರುಗಿಕೊಳ್ಳುವ ಈ ತಿರುವಿನಲ್ಲಿ ಸೆಂಬೆನ್ನನ ಸಮಸ್ತ ದರ್ಶನವೂ ಅಡಗಿದೆ. ಸೆನೆಗಲ್ ಸರಕಾರದ ಸೆನ್ಸಾರ್ ಅಧಿಕಾರಿಗಳು ಚಿತ್ರದ ಹಲವು ಭಾಗಗಳನ್ನು ಕತ್ತರಿಸಿದರು. ಏನೇನು ಕತ್ತರಿಸಲ್ಪಟ್ಟಿತೆಂಬುದನ್ನು ನಿರ್ದೇಶಕ ಕರಪತ್ರಗಳಲ್ಲಿ ಅಚ್ಚುಮಾಡಿಸಿ ಜನರಿಗೆ ಹಂಚಿದನು. ಅಧಿಕಾರಿಗಳಿಗೆ ತಮ್ಮ ಮುಖದ ಗುರುತು ಹತ್ತಿತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಎರವಲಿನದಲ್ಲದ ಅಧಿಕಾರ ಹೇಗಿರುತ್ತದೆಂಬುದನ್ನು ತೋರಿಸಲು ಸೆಂಬೆನ್ ಸುಮಾರು ಮೂವತ್ತು ವರ್ಷ ತೆಗೆದುಕೊಂಡನು. 2004ರ ‘ಮೂಲಾದೆ’ ಆತನ ಕೊನೆಯ ಚಿತ್ರ. ಬುರ್ಕಿನಾ ಫಾಸೋ ದೇಶದ ಒಂದು ಹಳ್ಳಿಯಲ್ಲಿ, ಬಂಬಾರಾ ಮಾತಿನಲ್ಲಿ ತೆಗೆದದ್ದು. ಬಾಲೆಯರ ಜನನಾಂಗವನ್ನು ಛೇದಿಸಿ ಅವರನ್ನು ‘ಶುದ್ಧ’ರನ್ನಾಗಿ ಮಾಡುವ ಕ್ರಿಯೆಗೆ ಹೆದರಿ ಓಡಿಹೋದ ಆರು ಮಂದಿಯಲ್ಲಿ ಇಬ್ಬರು ಬಾವಿಗೆ ಹಾರುತ್ತಾರೆ, ನಾಲ್ವರು ಕೊಲ್ಲೆ ಎಂಬ ಗೃಹಿಣಿಯ ಅಂಗಳಕ್ಕೆ ಬಂದು ಅವಳ ಕಾಲು ಹಿಡಿಯುತ್ತಾರೆ. ಕೊಲ್ಲೆ ತನ್ನ ಗಂಡನ ಮೂವರು ಹೆಂಡತಿಯರಲ್ಲಿ ನಡುವಿನವಳು. ಆ ಛೇದನದ ದೆಸೆಯಿಂದ ಹೆರಿಗೆಯಲ್ಲಿ ಎರಡು ಮಕ್ಕಳನ್ನು ಕಳೆದುಕೊಂಡು, ಮೂರನೆಯದನ್ನು ಹೊಟ್ಟೆ ಕೊಯ್ಯಿಸಿಕೊಂಡು ಹೆತ್ತವಳು. ಆ ಮಗಳನ್ನು ಕತ್ತಿಗೆ ಒಡ್ಡದೆ ಉಳಿಸಿಕೊಂಡವಳು. ಆಕೆ ಮಾಡುವುದು ಇಷ್ಟೆ: ಬಣ್ಣಬಣ್ಣದ ನೂಲಿನ ಒಂದು ಹುರಿಯನ್ನು ತನ್ನ ಮನೆಯ ಪ್ರವೇಶದ್ವಾರಕ್ಕೆ ಅಡ್ಡಲಾಗಿ ಕಟ್ಟುತ್ತಾಳೆ. ಅಭಯದ ಹುರಿ ಅದು. ಮಗುವೂ ದಾಟಬಹುದಾದಷ್ಟು ತಗ್ಗಿನಲ್ಲಿರುವ ಆ ಹುರಿಯ ಮುಂದೆ ಕೆಂಪು ನಿಲುವಂಗಿಯ ಛೇದಕ ಹೆಂಗಸರು ನಿಲ್ಲುತ್ತಾರೆ, ಊರಿನ ಹಿರಿಯರು ನಿಲ್ಲುತ್ತಾರೆ. ದಾಟುವ ಧೈರ್ಯ ಒಬ್ಬರಿಗೂ ಇಲ್ಲ. ಕಟ್ಟಿದವಳೇ ಒಂದು ಮಾತನ್ನು ಉಚ್ಚರಿಸಿ ಬಿಚ್ಚುವವರೆಗೂ ಅದು ಅಲ್ಲಿರತಕ್ಕದ್ದು.

ಕತ್ತಿ ಹಿಡಿದವರು ಹೆಂಗಸರೇ ಎಂಬುದನ್ನು ಸೆಂಬೆನ್ ಮರೆಮಾಚಿಲ್ಲ. ಅಧಿಕಾರ ಗಂಡಸರದು, ಕೈ ಮಾತ್ರ ಹೆಂಗಸಿನದು. ಈ ಹಂಚಿಕೆಯಿಂದಲೇ ಪದ್ಧತಿ ಇಷ್ಟು ಕಾಲ ಬಾಳಿದೆಯೆಂದು ಆತನ ಅಭಿಪ್ರಾಯವೆಂದು ತೋರುತ್ತದೆ. ಚಿತ್ರದ ನಡುವೆ ಒಂದು ರಾತ್ರಿ ಗಂಡ ಕೊಲ್ಲೆಯನ್ನು ಕೂಡುವ ದೃಶ್ಯವಿದೆ. ಬಲಾತ್ಕಾರವಲ್ಲ, ವಿವಾಹಧರ್ಮದ ನಿತ್ಯ ವ್ಯವಹಾರ. ಆದರೆ ನೋವನ್ನು ತಡೆಯಲಾರದೆ ಆಕೆ ತನ್ನ ಬೆರಳನ್ನು ಕಚ್ಚಿಕೊಳ್ಳುತ್ತಾಳೆ, ರಕ್ತ ಬರುವಷ್ಟು. ಬೆಳಗ್ಗೆ ಎದ್ದು ಎಂದಿನಂತೆ ಕೆಲಸಕ್ಕೆ ತೊಡಗುತ್ತಾಳೆ. ಈ ಒಂದು ಬೆರಳನ್ನು ಕಂಡ ಮೇಲೆ ‘ಸಂಪ್ರದಾಯ’ ಎಂಬ ಶಬ್ದವನ್ನು ನಿಶ್ಚಿಂತೆಯಿಂದ ಬಳಸುವುದು ಯಾರಿಗೇ ಆಗಲಿ ಕಷ್ಟ. ಹೆಂಗಸರ ಮನಸ್ಸು ಕೆಟ್ಟದ್ದು ರೇಡಿಯೋಗಳಿಂದೆಂದು ನಿಶ್ಚಯಿಸಿದ ಹಿರಿಯರು ಮನೆಮನೆಯ ರೇಡಿಯೋಗಳನ್ನು ಕಸಿದು ಮಸೀದಿಯ ಮುಂದೆ ರಾಶಿ ಹಾಕಿಸಿ, ಬೆಂಕಿಯಿಡುತ್ತಾರೆ. ಗಂಡ, ತನ್ನ ಅಣ್ಣನ ಒತ್ತಾಯಕ್ಕೆ ಮಣಿದು, ಊರಿನವರೆಲ್ಲರ ಎದುರಿಗೆ ಕೊಲ್ಲೆಯನ್ನು ಚಾವಟಿಯಿಂದ ಹೊಡೆಯುತ್ತಾನೆ. ಒಂದು ಕಡೆಯವರು ಆ ಮಾತನ್ನು ನುಡಿಯೆಂದೂ ಇನ್ನೊಂದು ಕಡೆಯ ಹೆಂಗಸರು ನುಡಿಯಬೇಡವೆಂದೂ ಕೂಗುತ್ತಿರಲು, ಆಕೆ ಕಾಲು ನಡುಗಿಯೂ ಬಾಯಿ ತೆರೆಯದೆ ನಿಲ್ಲುತ್ತಾಳೆ. ಹೊಡೆಯುತ್ತಿರುವವನ ಮುಖವನ್ನು ನೋಡಿ. ಎಲ್ ಹಾಜಿಯ ಬಂಧು ಆತ. ಚಾವಟಿಯನ್ನು ಇನ್ನೊಬ್ಬನು ಕೈಗೆ ತುರುಕಿದ್ದಾನೆ.

ಇಷ್ಟನ್ನು ಹೇಳಿದ ಮೇಲೆ ಸೆಂಬೆನ್ನನ ಬಗೆಗೆ ನನಗಿರುವ ಒಂದು ಅತೃಪ್ತಿಯನ್ನೂ ಹೇಳಬೇಕು. ಆತ ಹೆಣ್ಣಿಗೆ ಧೈರ್ಯವನ್ನು ಕೊಟ್ಟನು, ವಿವೇಕವನ್ನು ಕೊಟ್ಟನು, ಊರನ್ನೇ ಎದುರಿಸುವ ಮೌನವನ್ನು ಕೊಟ್ಟನು. ಬಯಕೆಯನ್ನು ಮಾತ್ರ ಬಲು ಹಿಡಿತದಿಂದ ಕೊಟ್ಟನು. ‘ಖಾಲಾ’ದ ಮೂರನೆಯ ವಧುವಿಗೆ ಮಾತೇ ಇಲ್ಲವೆನ್ನಬಹುದು. ಶಯ್ಯಾಗೃಹದ ಗೋಡೆಯ ಮೇಲೆ ಅವಳ ನಗ್ನವಾದ ಬೆನ್ನಿನ ಛಾಯಾಚಿತ್ರವೊಂದು ತೂಗುತ್ತದೆ. ಮಂಚದ ಬಳಿ ಅದೇ ಬೆನ್ನು ಮತ್ತೆ ಕಾಣುತ್ತದೆ. ಧನಿಕನಿಗೆ ಅವಳೊಂದು ಸರಕು ಎಂಬುದು ನಿರ್ದೇಶಕನ ಟೀಕೆ, ಸರಿಯೇ. ಆದರೆ ಆ ಟೀಕೆಯನ್ನು ಮಾಡುವಾಗ ಆತನ ಕ್ಯಾಮೆರಾ ಕೂಡ ಅವಳ ಮುಂದಕ್ಕೆ ಬಂದು ಮುಖವನ್ನು ನೋಡುವ ಗೋಜಿಗೆ ಹೋಗುವುದಿಲ್ಲ. ಎಲ್ ಹಾಜಿಯ ಮಗಳು ರಾಮಾ, ತಂದೆಯ ಫ್ರೆಂಚ್ ಪ್ರಶ್ನೆಗೆ ವೊಲೊಫಿನಲ್ಲಿ ಉತ್ತರ ಕೊಟ್ಟು ವಿದೇಶದ ಬಾಟ್ಲಿ ನೀರನ್ನು ನಿರಾಕರಿಸುವ ಆ ತೇಜಸ್ವಿನಿ, ಆಫ್ರಿಕಾದ ಭೂಪಟದ ಮುಂದೆ ಆ ಪಟದ ಬಣ್ಣಗಳನ್ನೇ ಉಟ್ಟು ನಿಲ್ಲುತ್ತಾಳೆ. ಒಂದು ಖಂಡವನ್ನು ಹೊತ್ತು ನಿಂತವಳಿಗೆ ಪ್ರಣಯಕ್ಕೆ ಪುರಸತ್ತೆಲ್ಲಿ? 2000ದ ‘ಫಾತ್ ಕಿನೆ’ಯಲ್ಲಿ ಡಾಕರಿನ ಪೆಟ್ರೋಲ್ ಬಂಕೊಂದನ್ನು ನಡೆಸುವ ಒಂಟಿ ತಾಯಿಯೊಬ್ಬಳು ತನ್ನ ಸುಖದ ವಿಷಯವಾಗಿ ಗೆಳತಿಯರೊಡನೆ ಎಗ್ಗಿಲ್ಲದೆ ಹರಟುತ್ತಾಳೆಂಬುದು ನಿಜ, ಇದನ್ನು ಅಪವಾದವೆಂದೇ ನಾನು ಎಣಿಸುತ್ತೇನೆ.

ಸೆಂಬೆನ್ನನ ಸ್ವದೇಶದವಳೇ ಆದ ಸಾಫಿ ಫಾಯ್ ಬಯಕೆಯ ಕಡೆಯಿಂದ ಕಥೆಯನ್ನು ಹಿಡಿದಳು. ಸೆರೇರ್ ಜನಾಂಗದ ಈಕೆ ಪ್ಯಾರಿಸ್ಸಿನಲ್ಲಿ ಮಾನವಶಾಸ್ತ್ರವನ್ನು ಅಭ್ಯಾಸ ಮಾಡಿದವಳು. 1996ರಲ್ಲಿ ಹೊರಬಂದ ಆಕೆಯ ‘ಮೊಸಾನ್’ ಚಿತ್ರದ ನಾಯಕಿ ಹದಿನಾಲ್ಕು ವರ್ಷದ ಅಪ್ರತಿಮ ಸುಂದರಿ. ಫ್ರಾನ್ಸಿನಲ್ಲಿ ದುಡಿಯುತ್ತಿರುವ, ಮನೆಗೆ ಹಣವನ್ನೂ ಉಡುಗೊರೆಗಳನ್ನೂ ಕಳುಹಿಸುವ ಒಬ್ಬಾತನಿಗೆ ಹುಟ್ಟಿದಾಗಲೇ ನಿಶ್ಚಿತಳಾದವಳು. ಮನಸ್ಸು ಬಡ ವಿದ್ಯಾರ್ಥಿಯೊಬ್ಬನಲ್ಲಿದೆ. ವರನ ಗೈರುಹಾಜರಿಯಲ್ಲಿಯೇ ವಿವಾಹ ನಡೆಯುತ್ತದೆ. ಅಲ್ಲಿಲ್ಲದ ಗಂಡಸೊಬ್ಬನ ಅಧಿಕಾರ, ಕೇವಲ ಹಣದ ರೂಪದಲ್ಲಿ ಹಾಜರಿದ್ದು, ಒಂದು ಹುಡುಗಿಯ ಮೈಯನ್ನು ವಶಪಡಿಸಿಕೊಳ್ಳುವ ಈ ವಿವಾಹವನ್ನು ಸೆಂಬೆನ್ ಕೂಡ ಕಲ್ಪಿಸಿರಲಿಲ್ಲ. ಆದರೆ ಫಾಯಳ ಹೆಚ್ಚುಗಾರಿಕೆ ಇರುವುದು ಈ ಆಪಾದನೆಯಲ್ಲಲ್ಲ. ಊರಿನ ಹೆಂಗಸರು ತಮ್ಮ ತಮ್ಮಲ್ಲಿ ಆಡುವ ಮಾತು, ಮೊಸಾನಳ ಗೆಳತಿಯ ಶೃಂಗಾರ, ಸ್ನಾನ, ಮೈಗೆ ಹತ್ತಿದ ನೀರು, ಇವನ್ನೆಲ್ಲ ನಾಚಿಕೆಯೂ ಇಲ್ಲದೆ ಪ್ರದರ್ಶನದ ಚಪಲವೂ ಇಲ್ಲದೆ ಆಕೆ ತೋರಿಸುತ್ತಾಳೆ. ಇಲ್ಲಿ ಹೆಣ್ಣಿನ ದೇಹ ಯಾವ ರಾಷ್ಟ್ರದ ಸಂಕೇತವೂ ಅಲ್ಲ.

ಗಿನಿ ದೇಶದ ಮೊಹಮದ್ ಕಮಾರಾ 1997ರಲ್ಲಿ ತೆಗೆದ ‘ದಾಕಾನ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಇಬ್ಬರು ತರುಣರು, ಮಂಗಾ ಮತ್ತು ಸೋರಿ, ರಾತ್ರಿಯ ಹೊತ್ತು ಒಂದು ಕಾರಿನಲ್ಲಿ ಒಬ್ಬರನ್ನೊಬ್ಬರು ಅಪ್ಪಿ ಮುದ್ದಿಡುವುದರಿಂದಲೇ ಚಿತ್ರ ಮೊದಲಾಗುತ್ತದೆ. ವಿಷಯ ಇಂಥದೆಂದು ತಿಳಿದೊಡನೆ ಗಿನಿ ಸರಕಾರ ತನ್ನ ಧನಸಹಾಯವನ್ನು ಹಿಂತೆಗೆದುಕೊಂಡಿತು. ಒಬ್ಬನ ತಾಯಿ ಮಗನನ್ನು ‘ಗುಣಪಡಿಸಲು’ ಮಾಂತ್ರಿಕನ ಬಳಿಗೆ ಒಯ್ಯುತ್ತಾಳೆ, ಇನ್ನೊಬ್ಬನ ತಂದೆ ವ್ಯಾಪಾರವನ್ನೂ ಮದುವೆಯನ್ನೂ ಅವನ ಮುಂದೆ ಒಡ್ಡುತ್ತಾನೆ. ಎಲ್ ಹಾಜಿ ಪೌರುಷವನ್ನು ಬೇಡಿಕೊಂಡು ಹೋದ ದಾರಿಯಲ್ಲೇ ಈ ತಾಯಿಯೂ ಹೋಗುತ್ತಾಳೆಂಬುದನ್ನು ಗಮನಿಸಿ. ಆದರೆ ಅಲ್ಲಿ ನಗೆಗೆ ಕಾರಣವಾದದ್ದು ಇಲ್ಲಿ ಒಬ್ಬ ಹುಡುಗನ ವರ್ಷಗಳನ್ನೇ ನುಂಗುತ್ತದೆ. ಚಿತ್ರದ ನಟನೆ ಅಲ್ಲಲ್ಲಿ ಬಿಗಿಯಾಗಿದೆ, ಕಥೆ ಅಲ್ಲಲ್ಲಿ ಜಾರುತ್ತದೆ; ಇದನ್ನು ಮಹಾಕೃತಿಯೆಂದು ಹೊಗಳಲು ನಾನು ಸಿದ್ಧನಿಲ್ಲ. ಆ ಮೊದಲ ದೃಶ್ಯದ ಸಹಜತೆಯನ್ನು ಮಾತ್ರ ಮರೆಯಲು ಸಾಧ್ಯವಾಗಿಲ್ಲ.

ಕಡೆಯದಾಗಿ ಪೂರ್ವ ತೀರದ ಕೆನ್ಯಾ ದೇಶದ ಒಂದು ಪ್ರಕರಣ. ವನೂರಿ ಕಾಹಿಯು ಎಂಬಾಕೆ ಉಗಾಂಡಾದ ಲೇಖಕಿಯೊಬ್ಬಳ ಸಣ್ಣಕಥೆಯನ್ನು ಆಧರಿಸಿ 2018ರಲ್ಲಿ ‘ರಫೀಕಿ’ಯನ್ನು ತೆಗೆದಳು. ನೈರೋಬಿಯ ಒಂದು ಬಡಾವಣೆ. ಚುನಾವಣೆಯಲ್ಲಿ ಒಬ್ಬರಿಗೊಬ್ಬರು ಎದುರಾಳಿಗಳಾದ ಇಬ್ಬರು ರಾಜಕಾರಣಿಗಳ ಹೆಣ್ಣುಮಕ್ಕಳು ಪರಸ್ಪರ ಅನುರಕ್ತರಾಗುತ್ತಾರೆ. ಕಾನ್ ಉತ್ಸವಕ್ಕೆ ಆಯ್ಕೆಯಾದ ಮೊದಲ ಕೆನ್ಯಾ ಚಿತ್ರವಿದು. ಸ್ವದೇಶದ ಚಿತ್ರವರ್ಗೀಕರಣ ಮಂಡಲಿ ಅದೇ ಹೊತ್ತಿನಲ್ಲಿ ಇದನ್ನು ನಿಷೇಧಿಸಿತು. ಮಂಡಲಿಯ ಆಕ್ಷೇಪಣೆಯ ಸ್ವರೂಪ ಅತ್ಯಂತ ಬೋಧಪ್ರದವಾದುದು. ಇಂಥ ಪ್ರಣಯವನ್ನು ತೋರಿಸಿದ್ದಕ್ಕಿಂತಲೂ ಹೆಚ್ಚಾಗಿ ಅವರನ್ನು ಬಾಧಿಸಿದ್ದು ಚಿತ್ರದ ಮುಕ್ತಾಯ. ಅದರಲ್ಲಿ ಆಶಾಭಾವ ಹೆಚ್ಚಾಗಿದೆ, ಪಶ್ಚಾತ್ತಾಪವಿಲ್ಲ, ಆದಕಾರಣ ಬದಲಾಯಿಸತಕ್ಕದ್ದೆಂದು ಅವರು ಸೂಚಿಸಿದರು. ದಿಯುವಾನಾ ಸ್ನಾನದ ತೊಟ್ಟಿಯಲ್ಲಿ ಸತ್ತಳು, ಮೊಸಾನ್ ಓಡಿಹೋಗುತ್ತ ನೀರಿನ ಪಾಲಾದಳು. ಬಯಸಿದ ಹೆಣ್ಣಿನ ಅಂತ್ಯ ಹೀಗೆಯೇ ಆಗಬೇಕೆಂಬ ನಿರೀಕ್ಷೆ ತೆರೆಯ ಈಚೆಗೂ ಆಚೆಗೂ ಎಷ್ಟು ದೃಢವಾಗಿ ಬೇರೂರಿದ್ದಿತೆಂದರೆ, ಇಬ್ಬರು ಹುಡುಗಿಯರು ಬದುಕಿ ಉಳಿದು ಮತ್ತೆ ಭೇಟಿಯಾಗುವುದೇ ರಾಜ್ಯಕ್ಕೆ ಅಪರಾಧವಾಗಿ ಕಂಡಿತು. 1975ರ ಡಾಕರಿನ ಅಧಿಕಾರಿಗಳಿಗೆ ಗಂಡಸಿನ ಅಧಿಕಾರ ಸೋಲುವುದನ್ನು ತೋರಿಸಿದ್ದು ಸಹಿಸಲಿಲ್ಲ. ನೈರೋಬಿಯವರಿಗೆ ಆ ಅಧಿಕಾರದ ಹಂಗೇ ಇಲ್ಲದೆ ಇಬ್ಬರು ಸುಖವಾಗಿರಬಹುದೆಂಬುದು ಸಹಿಸಲಿಲ್ಲ. ಈ ಎರಡರಲ್ಲಿ ಎರಡನೆಯ ಭಯವೇ ಹಿರಿದೆಂದು ನನ್ನ ಎಣಿಕೆ.

ಕಾಹಿಯು ಮುಕ್ತಾಯವನ್ನು ಬದಲಾಯಿಸಲಿಲ್ಲ, ನ್ಯಾಯಾಲಯಕ್ಕೆ ಹೋದಳು. ಆ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ನ್ಯಾಯಾಧೀಶೆಯೊಬ್ಬರು ನಿಷೇಧವನ್ನು ಏಳು ದಿನಗಳ ಮಟ್ಟಿಗೆ ಅಮಾನತಿನಲ್ಲಿರಿಸಿ, ವಯಸ್ಕರಿಗೆ ಚಿತ್ರವನ್ನು ತೋರಿಸಬಹುದೆಂದು ಆಜ್ಞೆ ಮಾಡಿದರು. ಆ ಏಳು ದಿನ ನೈರೋಬಿಯ ಚಿತ್ರಮಂದಿರದಲ್ಲಿ ಟಿಕೇಟು ಸಿಗದೆ ಜನ ಹಿಂದಿರುಗಿದರು; ಎಂಟನೆಯ ದಿನ ನಿಷೇಧ ಮತ್ತೆ ಜಾರಿಗೆ ಬಂದಿತು.